ಸಮುದ್ರದ ಕಡೆಗೆ ಹಿಡಿದ ಕೊಡೆ

ನಿಮ್ಮ ಸಮುದ್ರದೂರಿನಿಂದ,
ಗುರುವಾರ, ಊಟದ ಹೊತ್ತು ಮೀರಿದ ಮೇಲೆ

ಪ್ರೀತಿಯ ಡ್ರೈವರ್ ಸಾಹೇಬರಿಗೆ,

ನಿಮ್ಮ ಟೈಲರಮ್ಮನ ನಮಸ್ಕಾರಗಳು. ಹೇಗಿದ್ದೀರಿ? ಮೊಣಕಾಲು ಹೇಗಿದೆ? ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಡಿ ಎಂದು ನೀವು ಹೊರಡುವಾಗಲೇ ಹೇಳಿದ್ದೆ. ಕೇಳಿರುವುದಿಲ್ಲ, ನನಗೆ ಗೊತ್ತು. ಮಲಗುವ ಮುಂಚೆ ಎಣ್ಣೆ ಹಚ್ಚಿಕೊಳ್ಳಿ, ಶೀಶೆ ನಿಮ್ಮ ಪೆಟ್ಟಿಗೆಯ ಒಳಜೇಬಿನಲ್ಲೇ ಇದೆ, ಹುಡುಕಿದರೆ ಸಿಗುತ್ತದೆ. ಮಗಳ ನೈಟ್ ಡ್ಯೂಟಿ ಮುಗಿಯಿತೇ? ಆಸ್ಪತ್ರೆಯಲ್ಲಿ ಕಂಡವರಿಗೆಲ್ಲ ಹೊತ್ತುಹೊತ್ತಿಗೆ ಊಟ ಮಾಡಿ ಎಂದು ಬುದ್ಧಿ ಹೇಳುವ ನರ್ಸಮ್ಮ ತಾನು ಮಾತ್ರ ಅಡುಗೆಕಟ್ಟೆಗೆ ಒರಗಿ ನಿಂತೇ ತಿನ್ನುತ್ತಾಳೆ. ಅವಳನ್ನು ಕೂರಿಸಿ ಬಡಿಸಿ. ಹಡಗಿನಲ್ಲಿರುವ ಅಳಿಯಂದಿರ ಫೋನ್ ಬಂದಿತ್ತೇ? ಇನ್ನು ನಮ್ಮ ಚಿಕ್ಕ ಮೇಡಂ ಹೇಗಿದ್ದಾರೆ? ಈಗಲೂ ನೀವು ಬಾಯಲ್ಲಿ ಬಸ್ಸಿನ ಎಂಜಿನ್ ಓಡಿಸಿದರೆ ಮಾತ್ರ ನಿದ್ದೆಯೇ, ಅದೂ ಸೆಕೆಂಡ್ ಗೇರಿನಲ್ಲೇ? ಅಜ್ಜಿಯ ಜೋಗುಳಕ್ಕೆ ಮನೆ ಹಾರಿಹೋಗುವಂತೆ ಕಿರುಚಿದ ಮೊಮ್ಮಗಳು ಅಜ್ಜನ ಘುರ್ರ್ ಘುರ್ರ್ ಕೇಳಿ ಕಣ್ಣು ಮುಚ್ಚಿದಳಲ್ಲ, ಅವತ್ತೇ ನಮ್ಮ ಮನೆಯ ಹಣೆಬರಹ ತೀರ್ಮಾನವಾಗಿಹೋಯಿತು. ಮೂರು ತಿಂಗಳಿಗೆಂದು ಹೋದ ನೀವು ಈಗ ಎರಡನೆಯ ವರ್ಷದಲ್ಲಿದ್ದೀರಿ.

ಫೋನ್ ಇರುವಾಗ ಇವಳಿಗೇಕೆ ಈ ಕಾಗದದ ಶೋಕಿ ಎನ್ನಬೇಡಿ. ನಿಮ್ಮ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ನಾನು ಒಂದು ಮಾತಾಡಿದರೆ ಮಗಳು ಕೇಳುತ್ತಾಳೆ, ಮಗು ಕೇಳುತ್ತದೆ, ಕೆಳಗಿನ ಮನೆಯವರೂ ಕೇಳುತ್ತಾರೆ. ನೀವಾದರೂ ಹೂಂ, ಊಹೂಂ, ಆಯ್ತು ಇಷ್ಟರಲ್ಲೇ ಮುಗಿಸುತ್ತೀರಿ. ಮೊನ್ನೆ ಭಾನುವಾರವೂ ಹಾಗೇ ಆಯಿತು. ಆಸ್ಪತ್ರೆಯ ಪಕ್ಕದ ಶಿಶುವಿಹಾರದವರು ಸೋಮವಾರದೊಳಗೆ ಹೇಳಿ ಎಂದಿದ್ದಾರಂತೆ. ‘ಅಮ್ಮಾ, ಪಾಪು ಸ್ಕೂಲಿಗೆ ಸೇರೋವರೆಗೂ ಅಪ್ಪ ಇಲ್ಲೇ ಇರ್ಲಾ? ನೀನು ಹೂಂ ಅಂದ್ರೆ ಅಲ್ಲಿಗೆ ಸೇರ್ಸೋದು ಬಿಟ್ಬಿಡ್ತೀನಿ’ ಎಂದು ಮಗಳು ಕೇಳಿದಳು. ಅವಳ ಹಿಂದಿನಿಂದ ನಿಮ್ಮ ಘುರ್ರ್ ಕೇಳಿಸುತ್ತಿತ್ತು. ಅವಳು ಆ ಮಾತು ಕೇಳಿದ ತಕ್ಷಣ ಎಂಜಿನ್ ಆಫ್ ಆಯಿತು. ನೀವು ಏನಾದರೂ ಹೇಳುತ್ತೀರೇನೋ ಎಂದು ಕಾದೆ. ಕೊನೆಗೆ ಯೋಚನೆ ಮಾಡಿ ಹೇಳ್ತೀನಿ ಎಂದು ಫೋನ್ ಇಟ್ಟೆ.

ಮಾರನೆಯ ದಿನ ಏನಾಯಿತು ಗೊತ್ತೇ? ಬ್ಯಾಂಕಿನ ಮೇಡಂ ಅವರ ರವಿಕೆಗೆ ಎರಡೂ ಎಡಗೈ ತೋಳು ಕತ್ತರಿಸಿಬಿಟ್ಟೆ. ನಗಬೇಡಿ. ನಿಮಗೆ ಇದು ಅರ್ಥವಾಗದಿದ್ದರೆ ಹೀಗೆ ತಿಳಿಯಿರಿ, ರಿವರ್ಸ್ ಗೇರ್ ಹಾಕಿ ಮುಂದಕ್ಕೆ ಹೋಗುತ್ತದೆ ಎಂದು ಕೂತ ಹಾಗೆ. ತೋಳಿನ ಮುಂದಿನ ಕೊರೆತ ಹಿಂದಿನದಕ್ಕಿಂತ ಒಳಗೆ ಬರಬೇಕು, ಒಂದು ತೋಳು ಕತ್ತರಿಸಿದ ಮೇಲೆ ಅಳತೆಯ ಕಾಗದವನ್ನು ಮಗುಚಿ ಇನ್ನೊಂದನ್ನು ಕತ್ತರಿಸಬೇಕು. ಕೆಲಸ ಕಲಿಯುವ ಹುಡುಗಿಯರಿಗೆ ಮೊದಲ ವಾರ ಹೇಳಿಕೊಡುವ ಪಾಠ ಅದು. ನಾನು ಮಗುಚಲಿಲ್ಲ. ಎರಡು ಎಡತೋಳುಗಳನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ಕೂತಿದ್ದೆ. ಗುಂಡಿ ಹಾಕಲೆಂದು ಅಂಗಡಿಯ ಗೊಂಬೆಗೆ ತೊಡಿಸಿದ್ದ ನಿಮ್ಮ ಹಳೆಯ ಖಾಕಿ ಶರಟು ಇನ್ನೂ ಅದರ ಮೈಮೇಲೇ ಇದೆ. ಆ ಶರಟಿಗೇ, ನೋಡಿದ್ರಾ ನನ್ನ ಅವಸ್ಥೆ, ಎಂದೆ. ಅಷ್ಟರಲ್ಲಿ ಬಾಗಿಲಲ್ಲಿ ಮೇಡಂ ನಿಂತಿದ್ದರು, ಪಾಪ. ಯಾರ ಜೊತೆ ಮಾತಾಡ್ತಿದೀರಾ ಎಂದು ಕೇಳಿದರು. ಮಾನ ಹೋಯಿತು. ಅಂಥದ್ದೇ ಬಟ್ಟೆ ಬೇರೆ ಸಿಕ್ಕುತ್ತದೆ, ಹೊಲಿದುಕೊಡುತ್ತೇನೆ ಎಂದು ಸಮಾಧಾನ ಮಾಡಿ ಕಳಿಸಿದೆ. ಬುಧವಾರ ಬೆಳಗ್ಗೆ ಅಂಗಡಿಗೆ ಬೀಗ ಹಾಕಿ ನಿಮ್ಮ ಬಸ್ಸು ಹತ್ತಿದೆ.

ನಿಮ್ಮ ಬಸ್ಸೇ. ನೀವು ವರ್ಷಾನುಗಟ್ಟಲೆ ಓಡಿಸಿದ ಅದೇ ರೂಟು, ಊರಿನ ಜನರನ್ನೆಲ್ಲ ರಜೆಗೆ ಸಮುದ್ರ ತೋರಿಸಲು ಕರೆದೊಯ್ದ ಅದೇ ರೂಟು. ಊರಿಗೆಲ್ಲ ಸಮುದ್ರ ತೋರಿಸಿದ ಮಹಾನುಭಾವರು ಕಟ್ಟಿಕೊಂಡ ಹೆಂಡತಿಗೆ ಮಾತ್ರ ತೋರಿಸಲಿಲ್ಲ ಎಂದು ನಾನು ಎಷ್ಟು ಸಲ ಹಂಗಿಸಿಲ್ಲ! ನಿಜ ಹೇಳಬೇಕೆಂದರೆ ನಿಮ್ಮದೊಂದೇ ತಪ್ಪಲ್ಲ. ಜನಕ್ಕೆ ರಜೆ ಬಂದಾಗ ನಿಮಗೆ ಡಬಲ್ ಡ್ಯೂಟಿ, ಜನಕ್ಕೆ ಮದುವೆ ಬಂದಾಗ ನನಗೆ ಕತ್ತು ಎತ್ತಲೂ ಬಿಡುವಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ನಿಮಗೆ ರಿಟೈರ್ ಆಯಿತು, ರಿಟೈರ್ ಆದ ಬೆನ್ನಿಗೇ ಚಿಕ್ಕ ಮೇಡಂ ಹುಟ್ಟಿದರು. ನಿನ್ನೆ ಡ್ರೈವರ್ ಸೀಟಿನ ಹಿಂದೆಯೇ ಕೂತೆ. ಈಗಿನ ಡ್ರೈವರ್ ಒಳ್ಳೆಯವನೇ, ಆದರೆ ಬ್ರೇಕ್ ಮೇಲೆ ಕಾಲಲ್ಲ, ಕೋಪ ಇಟ್ಟಿದ್ದಾನೆ. ನಿಮ್ಮ ಮನೆಯವಳು ಎಂದು ಗೊತ್ತಾದದ್ದೇ ತಡ, ‘ಅಮ್ಮಾ, ಗುರುಗಳ ಹೆಂಡ್ತಿ ನೀವು, ಮೊದ್ಲೇ ಹೇಳ್ಬಾರ್ದಾ’ ಎಂದು ನಾಚಿಕೊಂಡು ಆಮೇಲೆ ಮೆಲ್ಲಗೆ ಓಡಿಸಿದ.

ಉಳಿದುಕೊಂಡಿರುವುದು ಪೋರ್ಚುಗೀಸರ ಕಾಲದ ಒಂದು ಮನೆಯಲ್ಲಿ. ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ಕಾಲು ಚಾಚಿ ಮಲಗಬಹುದು. ಮೇಲೆ ಎತ್ತರದ ಮರದ ಸೂರು, ಕೆಳಗೆ ಕಿರುಗುಟ್ಟುವ ಹಲಗೆಯ ನೆಲ. ಮನೆಯೊಡತಿ ಒಬ್ಬಳೇ ಇರುವ ಮುದುಕಿ, ಕೆಳಗೆ ತಾನಿದ್ದುಕೊಂಡು ಮಹಡಿಯ ಕೋಣೆಗಳನ್ನು ಬಂದವರಿಗೆ ಕೊಡುತ್ತಾಳೆ. ನನ್ನನ್ನು ನೋಡಿ ‘ಒಬ್ರೇನಾ?’ ಎಂದಳು. ಬೀಗದಕೈ ಕೊಡುವಾಗ ಮತ್ತೆ ಒಬ್ರೇನಾ, ನೀರು ತಂದಿಟ್ಟಾಗ ಇನ್ನೊಮ್ಮೆ ಒಬ್ರೇನಾ. ಮೂರನೆಯ ಸಲಕ್ಕೆ ನನ್ನ ಮುಖ ಏನಾಯಿತೋ, ತಾನೂ ಒಬ್ಬಳೇ ಎಂದು ಹೇಳಿ ಕೈ ಹಿಡಿದಳು. ಕೋಣೆಯಲ್ಲಿ ಎರಡು ಕಬ್ಬಿಣದ ಮಂಚ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನನ್ನ ಚೀಲ ಮಲಗಿದೆವು. ಕಿಟಕಿಗೆ ಗಾಜಿಲ್ಲರೀ! ಅಂಗೈಯಗಲದ ತೆಳ್ಳನೆಯ ಚಿಪ್ಪುಗಳನ್ನು ಉಜ್ಜಿ ನಯ ಮಾಡಿ ಮರದ ಚೌಕಟ್ಟಿನಲ್ಲಿ ಸಾಲಾಗಿ ಕೂರಿಸಿದ್ದಾರೆ. ಬೆಳಕು ಬರುತ್ತದೆ, ನೀರು ಬೆರೆಸಿದ ಮಜ್ಜಿಗೆಯ ಬಣ್ಣದ ಬೆಳಕು, ಆದರೆ ಆಚೆಗಿನದು ಏನೂ ಕಾಣುವುದಿಲ್ಲ. ‘ತೆಗೆದ್ರೆ ಎದುರಿಗೇ ಸಮುದ್ರ’ ಎಂದು ಮುದುಕಿ ಅಗಳಿಗೆ ಕೈ ಹಾಕಿದಳು. ಈಗ ಬೇಡ, ಬಿಸಿಲು ಇಳಿಯಲಿ, ಮೊದಲು ಊರು ನೋಡಿಬರುತ್ತೇನೆ ಎಂದೆ. ಸಮುದ್ರವನ್ನು ಸಾವಕಾಶವಾಗಿ, ಸಂಜೆ, ನೀವು ಹೇಳಿದ ಹಾಗೆಯೇ ನೋಡಬೇಕೆಂದು ನನ್ನ ಆಸೆ.

ನೀವು ಹೇಳಿದ್ದೆಲ್ಲ ನನಗೆ ಬಾಯಿಪಾಠ. ಟ್ರಿಪ್ ಮುಗಿಸಿ ಬಂದ ದಿನ ಊಟಕ್ಕೆ ಕೂತು ನೀವು ಕಥೆ ಹೇಳುತ್ತಿದ್ದಿರಿ, ನಾನು ಗುಂಡಿಗೆ ಕಾಜ ಹೊಲಿಯುತ್ತಾ ಕೇಳುತ್ತಿದ್ದೆ. ಇಗರ್ಜಿಯ ಗೋಪುರದ ಗಡಿಯಾರಕ್ಕೆ ಮುಳ್ಳುಗಳೇ ಇಲ್ಲ, ಅದಕ್ಕೇ ಆ ಊರಲ್ಲಿ ಯಾರಿಗೂ ಅವಸರವಿಲ್ಲ ಎಂದಿದ್ದಿರಿ. ಒಂದು ಮನೆಯ ಗೋಡೆಯ ತುಂಬ ಪಿಂಗಾಣಿಯ ನೀಲಿ ಬಿಲ್ಲೆಗಳಿವೆ, ಅದರಲ್ಲಿ ಹಡಗಿನ ದಂಡೇ ಇದೆ, ಒಂದೊಂದು ಹಡಗಿನಲ್ಲೂ ಟೊಪ್ಪಿ ಹಾಕಿದ ಕಪ್ತಾನ ನಿಂತಿದ್ದಾನೆ ಎಂದಿದ್ದಿರಿ. ಮರಳು ಬಿಸಿಲಿಗೆ ಸುಡುವುದೇ ಇಲ್ಲ, ಅಲೆ ಬರುವ ಮುಂಚೆ ಒಂದು ಕ್ಷಣ ಸಮುದ್ರ ಉಸಿರು ಹಿಡಿಯುತ್ತದೆ ಎಂದೂ ಹೇಳಿದ್ದಿರಿ. ಸರಿ, ಕೊಡೆ ಹಿಡಿದು ಹೊರಟೆ. ಇಗರ್ಜಿಯ ಮುಂದೆ ನಿಂತು ತಲೆ ಎತ್ತಿದರೆ ಗಡಿಯಾರಕ್ಕೆ ಎರಡೂ ಮುಳ್ಳಿವೆ! ಇರುವುದಷ್ಟೇ ಅಲ್ಲ, ನನ್ನ ಕೈಗಡಿಯಾರಕ್ಕಿಂತ ಸರಿಯಾಗಿ ಓಡುತ್ತಿವೆ. ನೀಲಿ ಬಿಲ್ಲೆಗಳ ಮನೆ ಹುಡುಕಿಕೊಂಡು ಹೋದೆ. ಗೋಡೆ ಇದೆ, ಬಿಲ್ಲೆಗಳಿವೆ, ಎಷ್ಟು ಚೆನ್ನಾಗಿವೆ ಅನ್ನುತ್ತೀರಿ! ಆದರೆ ಅದರಲ್ಲಿರುವುದು ಬೀಸಣಿಗೆ ಹಿಡಿದ ಹೆಂಗಸರು, ಎರಡು ನಾಯಿ, ಒಂದು ತೋಟ. ಹೆಂಗಸರ ಲಂಗದ ನೆರಿಗೆಗಳನ್ನು ಮಾತ್ರ ಹೊಲಿಗೆ ಗೊತ್ತಿದ್ದವನೇ ಬರೆದಿರಬೇಕು. ಹಡಗು ಎಂಬುದು ಮೂಲೆಯಲ್ಲಿ ಹೆಬ್ಬೆರಳಿನಷ್ಟು ಒಂದಿದೆ. ಟೊಪ್ಪಿಯೂ ಇಲ್ಲ, ಕಪ್ತಾನನೂ ಇಲ್ಲ.

ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷ ನನ್ನ ಕಿವಿಯ ಮೇಲೆ ಹೂವಿಟ್ಟಿದ್ದಾರಲ್ಲ ಈ ಮನುಷ್ಯ ಎಂದುಕೊಂಡೆ. ಸಿಟ್ಟಿನ ಹಿಂದೆಯೇ ಇನ್ನೊಂದು ಯೋಚನೆ ಬಂತು, ಹೊಟ್ಟೆಗೆ ಹಾಕಿಕೊಳ್ಳಿ. ಊರು ನೋಡದಿದ್ದರೆ ಅಷ್ಟು ಹೊತ್ತು ಇವರು ಇಲ್ಲಿ ಮಾಡುತ್ತಿದ್ದದ್ದಾದರೂ ಏನು? ಬೆಳಗ್ಗೆ ಬಂದ ಬಸ್ಸು ವಾಪಸ್ಸು ಹೊರಡುವುದು ಸಂಜೆಗೆ. ಯಾರ ಮನೆಯಲ್ಲಿ ಕೂತಿರುತ್ತಿದ್ದರು? ಈ ವಯಸ್ಸಿನಲ್ಲಿ, ಮೊಮ್ಮಗಳು ಬಂದ ಮೇಲೆ, ಬೀದಿಯಲ್ಲಿ ನಿಂತು ನಾನು ಇಂಥದ್ದನ್ನು ಯೋಚಿಸಿದೆನಲ್ಲ ಎಂದು ಈಗ ನಗು ಬರುತ್ತದೆ. ನಿನ್ನೆ ನಗು ಬರಲಿಲ್ಲ. ದೂರ ಇರುವವರ ಬಗ್ಗೆ ಒಂಟಿ ತಲೆ ಏನೇನೋ ಹೊಲಿಯುತ್ತದೆ. ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುವವರ ಮೇಲೆ ಅನುಮಾನ ಬರುತ್ತದೆಯೇ? ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದೆ, ವಿಚಾರಿಸಿಯೇ ಬಿಡುತ್ತೇನೆ ಎಂದು.

ಬಸ್ ಸ್ಟ್ಯಾಂಡು ಗುಡ್ಡದ ಹಿಂದಿದೆ, ನಿಮಗೆ ಹೇಳಬೇಕೇ. ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಡ್ರೈವರುಗಳ ಕೋಣೆಯ ಕಿಟಕಿಗೆ ಎದುರಾಗಿ ಸುಣ್ಣ ಉದುರಿದ ಗೋಡೆ. ಗೇಟಿನ ಪಕ್ಕದ ಚಹಾದಂಗಡಿಯವರು ಬಿಳಿ ಮೀಸೆಯ ಹಿರಿಯರು, ನಿಮಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ಒಂದು ಚಹಾ ತೆಗೆದುಕೊಂಡು ಬೆಂಚಿನ ಮೇಲೆ ಕೂತು ಹಾಗೇ ಮೇಲೆ ನೋಡಿದೆ. ಅಲ್ಲಿಗೆ ಇಗರ್ಜಿಯ ಬೆನ್ನು ಕಾಣುತ್ತದೆ. ಗೋಪುರದ ಹಿಂಬದಿಯಲ್ಲೂ ಗಡಿಯಾರದ ಒಂದು ದುಂಡು ಬಿಳಿ ಮುಖ ಮಾಡಿದ್ದಾರೆ, ಅಂಕಿಗಳೂ ಇವೆ, ಮುಳ್ಳು ಮಾತ್ರ ಇಲ್ಲ. ಬರೀ ಅಲಂಕಾರಕ್ಕೆ ಮಾಡಿದ್ದು. ನೀವು ಹೇಳಿದ್ದು ಸುಳ್ಳಲ್ಲ! ಆದರೆ ಅದು ಈ ಬೆಂಚಿನಿಂದ ಕಂಡ ನಿಜ. ನನ್ನ ಕೈಯಲ್ಲಿ ಚಹಾ ಹಾಗೇ ಉಳಿಯಿತು.

ನಿಮ್ಮ ಗುರುತು ಹೇಳಿದೆ. ಹಿರಿಯರು ಒಲೆ ಸಣ್ಣ ಮಾಡಿ ನನ್ನ ಮುಖವನ್ನೇ ನೋಡಿದರು. ‘ಅಯ್ಯೋ, ಟೈಲರಮ್ಮ ನೀವೇನಾ?’ ಎಂದರು. ನನ್ನ ಹೆಸರು ಕೇಳಲಿಲ್ಲ ನೋಡಿ, ಟೈಲರಮ್ಮ ಎಂದರು. ಆಮೇಲೆ ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ‘ತಂಗೀ, ನಿಮ್ಮ ಯಜಮಾನ್ರು ಆ ಇಳಿಜಾರು ಇಳಿದಿದ್ದು ನಾನಂತೂ ಒಂದಿನಾನೂ ನೋಡಿಲ್ಲ. ಸಮುದ್ರಕ್ಕೆ ಹೋಗಿಬರೋದು ಎಷ್ಟೊತ್ತಿನ ಕೆಲ್ಸ, ಹೋಗ್ಬನ್ನಿ ಅಂತ ನಾನೇ ಎಷ್ಟೋ ಸಲ ಹೇಳಿದೀನಿ. ಅವಳು ಬರ್ಲಿ, ಇಬ್ರೂ ಒಟ್ಟಿಗೆ ನೋಡ್ತೀವಿ ಅಂತಿದ್ರು. ನಾನೊಬ್ನೇ ಮುಂಚೆ ನೋಡಿಬಿಟ್ರೆ, ಆಮೇಲೆ ಅವಳ ಪಕ್ಕ ನಿಂತ್ಕೊಂಡು ಹೊಸದಾಗಿ ನೋಡೋ ಥರ ನಾಟಕ ಆಡ್ಬೇಕಾಗತ್ತೆ, ಅದು ನನ್ನ ಕೈಲಿ ಆಗಲ್ಲ ಅಂತಿದ್ರು.’ ಹಾಗಾದರೆ ಮನೆಯಲ್ಲಿ ಹೇಳುತ್ತಿದ್ದ ಕಥೆಗಳು? ಸಂಜೆ ಬಸ್ಸು ಹತ್ತಲು ಬಂದ ಜನರನ್ನು ಇದೇ ಬೆಂಚಿನಲ್ಲಿ ಕೂರಿಸಿಕೊಂಡು ಏನೇನು ನೋಡಿದ್ರಿ, ಹೇಗಿತ್ತು ಎಂದು ಕೇಳುತ್ತಿದ್ದಿರಂತೆ. ನೀವು ತಂದುಕೊಡುತ್ತಿದ್ದ ಚಿಪ್ಪುಗಳು? ಮಕ್ಕಳು ಸೀಟಿನ ಕೆಳಗೆ ಬಿಟ್ಟುಹೋದವು, ಬಸ್ಸು ಗುಡಿಸುವಾಗ ಮರಳಿನ ಜೊತೆ ಸಿಕ್ಕವು. ಅದರಲ್ಲೊಂದನ್ನು ನಾನು ಇವತ್ತಿಗೂ ಗುಂಡಿಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ, ಸಮುದ್ರದಂಡೆಯಲ್ಲಿ ಬಗ್ಗಿ ಆರಿಸಿ ತಂದದ್ದೆಂದು.

ನಾಟಕ ಆಡಲು ಬರುವುದಿಲ್ಲವಂತೆ! ಅಷ್ಟು ವರ್ಷ ನನ್ನೆದುರು ಕೂತು ಅಲೆ ಉಸಿರು ಹಿಡಿಯುತ್ತದೆ ಎಂದು ಬುರುಡೆ ಬಿಟ್ಟದ್ದು ನಾಟಕವಲ್ಲವೇ? ಬೈಯಬೇಕೆಂದೇ ಬಾಯಿ ತೆರೆದೆ. ಯಾರಿಗೆ ಬೈಯಲಿ? ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಹಿರಿಯರು ಪಾಪ ಗಾಬರಿಯಾಗಿ ಇನ್ನೊಂದು ಲೋಟ ಚಹಾ ಕೊಟ್ಟರು. ಅವರಿಗೂ ಬೇರೇನು ಮಾಡಬೇಕೆಂದು ತೋಚಲಿಲ್ಲ.

ವಾಪಸ್ಸು ಬರುವಾಗ ಫಜೀತಿಯಾಯಿತು. ಮನೆಯೊಡತಿಯ ಬೀದಿಗೆ ತಿರುಗುವ ಮುಂಚೆ ಒಂದು ಕಡೆ ಮನೆಗಳ ಸಾಲು ಮುಗಿದು ಎಡಕ್ಕೆ ಬಯಲಾಗಿ ಸಮುದ್ರ ಕಾಣುತ್ತದೆ. ಬೆಳಗ್ಗೆ ಆ ಬೀದಿಯಲ್ಲಿ ಬಂದಿರಲಿಲ್ಲ. ಗಾಳಿ ಬಂದು ಸೆರಗು ಹಾರಿತು, ಉಪ್ಪಿನ ವಾಸನೆ ಬಂತು, ತಿರುಗಬೇಕು ಅಷ್ಟೇ. ತಟಕ್ಕನೆ ಕೊಡೆಯನ್ನು ಎಡಕ್ಕೆ ಬಾಗಿಸಿ ಕಿವಿಯವರೆಗೂ ಇಳಿಸಿದೆ. ಬಿಸಿಲು ನೆತ್ತಿಯ ಮೇಲೆ, ಕೊಡೆ ಎಡಗಡೆ. ಎದುರಿಗೆ ಬಂದವರೆಲ್ಲ ಈ ಹೆಂಗಸಿಗೆ ಏನೋ ಆಗಿದೆ ಎಂದುಕೊಂಡು ದಾರಿ ಬಿಟ್ಟರು. ಇವತ್ತು ಬೆಳಗ್ಗೆ ಪೆನ್ನು, ಕಾಗದ ತರಲು ಹೋಗುವಾಗಲೂ ಹಾಗೇ, ಬರುವಾಗಲೂ ಹಾಗೇ. ಮುದುಕಿ ಕಿಟಕಿ ತೆರೆಯಲು ಬಂದಾಗ ಓಡಿಹೋಗಿ ಅಗಳಿ ಹಿಡಿದುಕೊಂಡೆ. ‘ಸಮುದ್ರ ನೋಡ್ಲಿಕ್ಕೆ ಬಂದು ಕಿಟಕಿ ಮುಚ್ಚಿಕೊಂಡು ಕೂತವರನ್ನು ನಾನು ಇದೇ ಮೊದ್ಲು ನೋಡ್ತಿರೋದು’ ಎಂದಳು. ವಿಷಯ ಹೇಳಿದೆ. ಅವಳು ಎರಡನೆಯ ಮಂಚದ ಮೇಲಿದ್ದ ನನ್ನ ಚೀಲ ತೆಗೆದು ಕೆಳಗಿಟ್ಟು, ಹಾಸಿಗೆಗೆ ಒಗೆದ ಹೊದಿಕೆ ಹಾಸಿಹೋದಳು.

ಈಗ ಕಿಟಕಿಯ ಕಟ್ಟೆಯ ಮೇಲೆ ಕೂತೇ ಬರೆಯುತ್ತಿದ್ದೇನೆ. ಚಿಪ್ಪಿನಾಚೆ ಸದ್ದು ಕೇಳುತ್ತದೆ. ಒಂದು ಅಲೆ ಹೋಗಿ ಇನ್ನೊಂದು ಬರುವ ಮುಂಚೆ ನಿಜವಾಗಿಯೂ ಒಂದು ಕ್ಷಣ ಎಲ್ಲ ನಿಲ್ಲುತ್ತದೆ. ಅದನ್ನು ಹೇಳಿದ ಪ್ರಯಾಣಿಕ ಯಾರೋ, ಅವನು ಸುಳ್ಳು ಹೇಳಿಲ್ಲ. ರೀ, ನನಗೆ ಬಹಳ ಬೇಸರವಾಗಿದೆ. ಅಂಗಡಿ ಇದೆ, ಗಿರಾಕಿಗಳಿದ್ದಾರೆ, ಹಗಲು ಹೇಗೋ ಸರಿಯುತ್ತದೆ. ಹೊಲಿಗೆಯ ಮೆಷಿನ್ ನಿಲ್ಲಿಸಿದಾಗ ಮನೆ ಎಷ್ಟು ಸುಮ್ಮನಾಗುತ್ತದೆ ಎಂದರೆ ಸುಮ್ಮನೆ ಮತ್ತೆ ತುಳಿಯುತ್ತೇನೆ, ಸೂಜಿಗೆ ದಾರವಿಲ್ಲದೆ. ಮಗಳಿಗೆ ಕಷ್ಟ, ನನಗೆ ಗೊತ್ತಿಲ್ಲವೇ? ಮಗುವನ್ನು ನೀವು ಬಿಟ್ಟಿರಲಾರಿರಿ, ಅದೂ ಗೊತ್ತು. ಅದಕ್ಕೇ ಭಾನುವಾರ ನಾನು ಬೇಡ ಎನ್ನಲಿಲ್ಲ. ನಾನು ಹೂಂ ಎಂದು ಬರೆಯಬೇಕೆಂದೇ ಈ ಊರಿಗೆ ಬಂದದ್ದು. ಸಮುದ್ರವನ್ನು ಒಬ್ಬಳೇ ನೋಡಿಬಿಟ್ಟರೆ, ಇನ್ನು ಇವರಿಲ್ಲದೆಯೂ ಆಗುತ್ತದೆ ಎಂಬ ಧೈರ್ಯ ಬರಬಹುದು, ಆಮೇಲೆ ಮಗಳಿಗೆ ಫೋನ್ ಮಾಡಿ ಇರಲಿ ಬಿಡು ಎನ್ನಬಹುದು ಎಂದು ಲೆಕ್ಕ ಹಾಕಿದ್ದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನೀವು ಡ್ಯೂಟಿಯಲ್ಲಿದ್ದಾಗ ನಾನು ಮನೆಯಲ್ಲಿ ಮರೆತುಹೋದ ನಿಮ್ಮ ಕನ್ನಡಕವನ್ನೋ ಸ್ವೆಟರನ್ನೋ ಡ್ರೈವರುಗಳ ಕೈಯಲ್ಲಿ ಬಸ್ಸಿನಿಂದ ಬಸ್ಸಿಗೆ ದಾಟಿಸಿ ಕಳಿಸುತ್ತಿದ್ದೆನಲ್ಲ, ಹಾಗೇ ಇದನ್ನೂ ಕಳಿಸುತ್ತೇನೆ. ಗುರುಗಳಿಗೆ ಎಂದರೆ ಸಾಕು, ನಾಳೆ ಸಂಜೆಯೊಳಗೆ ಮುಟ್ಟಿಸುತ್ತಾರಂತೆ. ಮಗಳಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ. ಚಿಕ್ಕ ಮೇಡಂ ಅವರ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು, ಗಡ್ಡ ಬೋಳಿಸಿಕೊಂಡು ಕೊಡಿ, ಚುಚ್ಚುತ್ತದೆ. ನಿಮ್ಮ ಮೊಣಕಾಲಿಗೆ ನನ್ನ ವಿಶೇಷ ವಿಚಾರಣೆ.

ಇಂತಿ ನಿಮ್ಮ,
ಟೈಲರಮ್ಮ

ಮರೆತಿದ್ದೆ: ಚಹಾದಂಗಡಿಯ ಬೆಂಚಿನ ಪಕ್ಕ ನಿಂತುಕೊಂಡೇ ಇದನ್ನು ಗೀಚುತ್ತಿದ್ದೇನೆ, ಬಸ್ಸು ಸ್ಟಾರ್ಟ್ ಆಗಿದೆ, ಡ್ರೈವರ್ ಹುಡುಗ ಹಾರ್ನ್ ಹೊಡೆಯುತ್ತಿದ್ದಾನೆ. ಮಗಳಿಗೆ ಹೇಳಿ, ಅಮ್ಮ ಹೂಂ ಅನ್ನಲಿಲ್ಲ. ಶಿಶುವಿಹಾರಕ್ಕೆ ಸೇರಿಸಲಿ, ಮೊದಮೊದಲು ಅಳುತ್ತಾಳೆ, ನಮ್ಮ ಮಗಳೂ ಅತ್ತಿದ್ದಳು. ಎಂಜಿನ್ ಸದ್ದನ್ನು ಅಲ್ಲಿಯ ಆಯಾಗೆ ಕಲಿಸಿಕೊಟ್ಟು ಹೊರಡಿ. ನಾನು ಊರಿಗೆ ಹೋಗಿಲ್ಲ, ಇಲ್ಲೇ ಇದ್ದೇನೆ, ಎರಡನೆಯ ಮಂಚಕ್ಕೆ ಹಾಸಿಗೆ ಹಾಸಿ ಆಗಿದೆ. ಬಸ್ಸಿಳಿದು ಈ ಬೆಂಚಿನ ಮೇಲೆ ಕೂತಿರಿ, ನಾನು ಬಂದು ಕರೆದುಕೊಂಡು ಹೋಗುತ್ತೇನೆ, ಒಬ್ಬರೇ ಇಳಿಜಾರು ಇಳಿದೀರಿ ಜೋಕೆ. ಬೇಗ ಬನ್ನಿ. ಕೊಡೆಯನ್ನು ಸಮುದ್ರದ ಕಡೆಗೆ ಹಿಡಿದು ಹಿಡಿದು ನನ್ನ ಎಡಗೈ ಬಿದ್ದುಹೋಗಿದೆ.